ದಂತಕಥೆ

ಕನ್ನಡ ಕಡ್ಡಾಯ ಎಂಬ ಸುತ್ತೋಲೆ ಬಂದ ವಾರ
ಇಲಿಯಾಸ್ ನಮ್ಮ ಕಂಪ್ಯೂಟರಿನ ಮೆನುವನ್ನೆಲ್ಲ ಕನ್ನಡಕ್ಕೆ ತಿರುಗಿಸಿದ.
ಅವತ್ತಿನಿಂದ, ನಕ್ಷೆಯ ಮೂಲೆಯಲ್ಲಿ ಕೂತು
ಯಾವ ಬಣ್ಣ ಯಾವ ಊರು ಎಂದು ಹೇಳುವ
ಆ ಪುಟ್ಟ ಚೌಕಕ್ಕೆ
ದಂತಕಥೆ ಎಂದು ಹೆಸರು.

ಹಲ್ಲೂ ಇಲ್ಲ, ಕಥೆಯೂ ಇಲ್ಲ.
ಐದು ಬಣ್ಣದ ಗೀಟು, ಐದು ಊರು,
ಬೆನ್ನಿಗೊಂದು ಬಿಳಿ.

ಬಿಳಿ ಅಂದರೆ ಏನೂ ಇಲ್ಲ ಅಂದುಕೊಂಡಿದ್ದೆ.
ಅದಕ್ಕೂ ಮೈಯಿದೆ, ಅದೂ ಅಡ್ಡ ನಿಲ್ಲುತ್ತದೆ
ಎಂದು ಗೊತ್ತಾದದ್ದು ಮಾರ್ಚ್ ಒಂಬತ್ತಕ್ಕೆ,
ಡಿ.ಸಿ. ಆಫೀಸಿನ ಮೀಟಿಂಗಿಗೆ ಅರ್ಧ ಗಂಟೆ ಇದ್ದಾಗ.

ಸತ್ತ ಮಂಗಗಳ ಲೆಕ್ಕ ಅದು. ವಾರಕ್ಕೊಂದು ಚುಕ್ಕಿ,
ಊರಿಗೊಂದು ಗೆರೆ.
ನಾಲ್ಕು ಗೆರೆ ನೆಲ ಬಿಟ್ಟು ಏಳಲಿಲ್ಲ.
ಉಂಬಳಮಕ್ಕಿಯ ಕೆಂಪು ಗೆರೆ ಮಾತ್ರ
ಏಳನೇ ವಾರದ ಹೊತ್ತಿಗೆ ತಲೆಯೆತ್ತಿ,
ಹತ್ತತೊಡಗಿ, ಹತ್ತಿ,
ದಂತಕಥೆಯ ಹಿಂದೆ ಹೋದದ್ದು
ಮತ್ತೆ ಬರಲಿಲ್ಲ.

ನೋಡಿದವರಿಗೆ ಅಲ್ಲಿಗೇ ಮುಗಿದ ಗೆರೆ.

ಚೌಡಮ್ಮನ ಫೋನು ಬಂದದ್ದು ಹಿಂದಿನ ಸಂಜೆ ಆರಕ್ಕೆ:
"ಮೇಡಮ್ಮೋರೆ, ದರಗಿಗೆ ಹೋದೋರು ಕಂಡ್ರಂತೆ, ಮತ್ತೆ ಮೂರು.
ಒಂದು ಮರಿ. ತಾಯಿ ಎದೆ ಬಿಟ್ಟಿರ್ಲಿಲ್ಲ.
ಬರ್ಕಂಡ್ರಾ?"
ಬರೆದುಕೊಂಡೆ. ಒಂಬತ್ತಿದ್ದದ್ದು ಹನ್ನೆರಡಾಯಿತು.
ಕೋಷ್ಟಕದಲ್ಲಿ ಮರಿಗೆ ಬೇರೆ ಮನೆ ಇಲ್ಲ.

ದಂತಕಥೆಯನ್ನು ಮೇಲಕ್ಕೆ ದೂಡಿದೆ. ಶೀರ್ಷಿಕೆಯ ಮೇಲೆ ಕೂತಿತು:
'ಮಂಗನ' ಉಳಿಯಿತು, ಕಾಯಿಲೆ ಹೋಯಿತು.
ಕೆಳಕ್ಕೆ ತಂದೆ. ಜನವರಿ, ಫೆಬ್ರವರಿ ಎರಡೂ ಅದರ ಹೊಟ್ಟೆಗೆ.
ಬಲಕ್ಕೆ ಹೊರಗಿಟ್ಟೆ. ನಕ್ಷೆಯೇ ಕುಗ್ಗಿ
ಐದೂ ಗೆರೆ ಒಂದರ ಮೇಲೊಂದು,
ಮದುವೆ ಮನೆಯ ಚಾಪೆಯಲ್ಲಿ ಮಕ್ಕಳು ಮಲಗಿದ ಹಾಗೆ,
ಯಾರ ಕಾಲು ಯಾರದೋ.

"ಹೆಂಗಿದೆಯೋ ಹಂಗೇ ಕೊಡಮ್ಮ," ಜೀಪಿನ ಬಾಗಿಲಿಂದ ಸಾಹೇಬರು.
"ಚೆಂದ ಇದೆ. ಇಳಿದ ಹಂಗೇ ಕಾಣ್ತದೆ."

ಹಂಗೇ ಕಾಣುತ್ತಿತ್ತು. ಅದೇ ತೊಂದರೆ.

ಅಳಿಸಿಬಿಡಬಹುದಿತ್ತು.
ಆಗ ಗೆರೆ ಕಾಣುತ್ತದೆ, ಊರು ತಿಳಿಯುವುದಿಲ್ಲ;
ಹೆಸರಿಲ್ಲದ ಕೆಂಪಿಗೆ ಉಣುಗಿನ ಎಣ್ಣೆ ಯಾರು ಕಳಿಸುತ್ತಾರೆ?

ಇಲಿಯಾಸ್ ಬಂದ. ಬಾಯಿ ತುಂಬ ಎಲೆಯಡಿಕೆ, ಮಾತಿಲ್ಲ.
ಮೌಸು ಕಸಿದುಕೊಂಡು, ಚೌಕದ ಮೇಲೆ ಬಲಗುಂಡಿ ಒತ್ತಿ,
'ಭರ್ತಿ' ಎಂದಿದ್ದಲ್ಲಿ 'ಇಲ್ಲ' ಆರಿಸಿದ.
ಎದ್ದು ಹೋಗಿ ಕಿಟಕಿಯಾಚೆ ಉಗಿದ.

ನೆಹರೂ ರೋಡಿನ ಜೆರಾಕ್ಸ್ ಅಂಗಡಿ.
ಹನ್ನೊಂದು ಪ್ರತಿ, ಬಣ್ಣದ್ದು, ಒಂದಕ್ಕೆ ಹತ್ತು ರೂಪಾಯಿ.
ಬಿಲ್ಲು ಪಾಸಾಗಲಿಕ್ಕಿಲ್ಲ.
ಕೆಂಪು ಗೆರೆ ಈಗ ಅಕ್ಷರಗಳ ಸಂದಿಯಲ್ಲಿ ಹತ್ತಿ
ತನ್ನ ಹೆಸರನ್ನೇ ಅಡ್ಡ ಸೀಳಿಕೊಂಡು ಹೋಗಿತ್ತು.
ಕೊನೆಯ ಚುಕ್ಕಿ ಉಂಬಳಮಕ್ಕಿಯ 'ಳ'ದ ಹೊಟ್ಟೆಯೊಳಗೆ.

ಅಸಹ್ಯವಾದ ನಕ್ಷೆ.
ಮೀಟಿಂಗಿನಲ್ಲಿ ಯಾರೋ ಕೇಳಿದರಂತೆ:
"ಏನ್ರೀ ಇದು, ಹೆಸರಿನ ಮೇಲೆ ಗೀಚು?"
ಸಾಹೇಬರು ಕನ್ನಡಕ ಹಣೆಗೇರಿಸಿ
ಹಾಳೆ ಮೂಗಿನ ಹತ್ತಿರ ಹಿಡಿದರಂತೆ.
ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ.

ನಾಲ್ಕು ಗಂಟೆಗೆ ಮತ್ತೆ ಚೌಡಮ್ಮ:
"ಜೀಪು ಬಂತು. ಎಣ್ಣೆ ಮೂರು ಡಬ್ಬ ಇಳಿಸ್ಕಂಡಿದೀವಿ.
ಮತ್ತೊಂದು ಬಿದ್ದಿದೆ, ಕೆರೆ ದಂಡೆ ಮೇಲೆ. ಬರ್ಕಳಿ."

ಹದಿಮೂರು ಒತ್ತಿದೆ.
ನಕ್ಷೆ ತನ್ನಷ್ಟಕ್ಕೆ ತಾನೇ ಅಳತೆ ಬದಲಿಸಿಕೊಂಡಿತು.
ಗೆರೆಗಳೆಲ್ಲ ಒಂದಿಷ್ಟು ತಗ್ಗಿದವು,
ಹದಿಮೂರು ಅಂಥ ಎತ್ತರವೇನಲ್ಲ ಎನ್ನುವ ಹಾಗೆ.